ಅಂಡಮಾನಿನ ಚಿಪ್ಪಿನ ದಿಬ್ಬಗಳು: ಒಂದು ವಾಚನದ ವಿಮರ್ಶೆ

ಅಂಡಮಾನಿನ ಮೂಲನಿವಾಸಿಗಳನ್ನು 'ಶಿಲಾಯುಗದ ಜನ'ರೆಂದು ಕರೆಯುವ ರೂಢಿ ಹಳೆಯದು. ಅದನ್ನು ಪರೀಕ್ಷಿಸಿದವರು ಕಡಿಮೆ. ಪರೀಕ್ಷೆಗೆ ಬೇಕಾದ ಸಾಮಗ್ರಿಯಾದರೋ ಆ ದ್ವೀಪಗಳ ಕರಾವಳಿಯಲ್ಲಿಯೇ ಚಿಪ್ಪಿನ ದಿಬ್ಬಗಳ ರೂಪದಲ್ಲಿದೆ. 1870ರಲ್ಲಿ ಸ್ಟೋಲಿಚ್ಕಾ ಇವುಗಳ ಬಗ್ಗೆ ಬರೆದನು. 1950ರ ದಶಕದಲ್ಲಿ ಇಟಲಿಯ ಚಿಪ್ರಿಯಾನಿ ಕೆಲವನ್ನು ಅಗೆದನು. ಇವುಗಳನ್ನು ಚರಿತ್ರೆಯ ಆಕರಗಳೆಂದು ಸಮಗ್ರವಾಗಿ ಓದಿದ ಶ್ರೇಯಸ್ಸು ಪುಣೆಯ ಡೆಕ್ಕನ್ ಕಾಲೇಜಿನ ಜರೀನ್ ಕೂಪರ್ ಅವರದು. ಅವರ 'ಆರ್ಕಿಯಾಲಜಿ ಅಂಡ್ ಹಿಸ್ಟರಿ: ಅರ್ಲಿ ಸೆಟ್ಲ್‌ಮೆಂಟ್ಸ್ ಇನ್ ದಿ ಅಂಡಮಾನ್ ಐಲೆಂಡ್ಸ್' 2002ರಲ್ಲಿ ಪ್ರಕಟವಾಯಿತು.

ಇವನ್ನು 'ತಿಪ್ಪೆ' ಎನ್ನಲು ನಮ್ಮ ಮನಸ್ಸು ಒಪ್ಪದು. ನಮ್ಮ ತಿಪ್ಪೆ ವರ್ಷಕ್ಕೊಮ್ಮೆ ಹೊಲಕ್ಕೆ ಹೋಗಿ ಬರಿದಾಗುತ್ತದೆ. ಇಲ್ಲಿಯದು ತಲೆಮಾರುಗಳ ಕಾಲ ಒಂದೇ ಬೀಡಿಗೆ ಮರಳಿ ಬಂದವರ ಊಟದ ಶೇಷ. ಚಿಪ್ಪಿನ ಸುಣ್ಣವು ಮಣ್ಣಿನ ಆಮ್ಲವನ್ನು ತಗ್ಗಿಸುವುದರಿಂದ ಹಂದಿ, ಮೀನು, ಆಮೆಗಳ ಮೂಳೆಗಳು ಮಡಕೆಯ ಚೂರುಗಳೊಡನೆ ಉಳಿದುಬಂದಿವೆ. ಗೆಡ್ಡೆ, ಜೇನು, ಕಾಡುಹಣ್ಣುಗಳು ಮಾತ್ರ ಹೆಚ್ಚೇನೂ ಗುರುತು ಬಿಡವು. ಆದ್ದರಿಂದ ಚಿಪ್ಪುಗಳನ್ನು ಎಣಿಸಿ, ಇವರು ಮುಖ್ಯವಾಗಿ ಚಿಪ್ಪುಮಾಂಸವನ್ನೇ ತಿಂದು ಬದುಕಿದರೆಂದು ತೀರ್ಮಾನಿಸುವುದು ದುಡುಕು.

ಕಾಲನಿರ್ಣಯದ ಪ್ರಶ್ನೆ ಇನ್ನೂ ತೊಡಕಿನದು. ದಕ್ಷಿಣ ಅಂಡಮಾನಿನ ಚೌಲ್ದಾರಿ ದಿಬ್ಬಕ್ಕೆ ರೇಡಿಯೊ ಕಾರ್ಬನ್ ವಿಧಾನದಿಂದ ದೊರೆತ ಕಾಲ ಸುಮಾರು 2,200 ವರ್ಷಗಳ ಹಿಂದಿನದು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ತಳಿಶಾಸ್ತ್ರೀಯ ಅಧ್ಯಯನವು ಈ ಜನರ ಪ್ರತ್ಯೇಕತೆಯನ್ನು ಹತ್ತಾರು ಸಾವಿರ ವರ್ಷಗಳಷ್ಟು ಹಿಂದಕ್ಕೆ ಒಯ್ಯುತ್ತದೆ. ಅದರ ಬಗ್ಗೆಯೂ ವಿವಾದವುಂಟು. ಈ ಅಂತರವನ್ನು ಕಂಡು ದಿಬ್ಬಗಳ ಸಾಕ್ಷ್ಯವನ್ನು ತಳ್ಳಿಹಾಕಬೇಕಾಗಿಲ್ಲ. ಹಿಮಯುಗದ ತರುವಾಯ ಏರಿದ ಕಡಲು ಅಂದಿನ ತೀರವನ್ನು ನುಂಗಿದೆ. ಹಳೆಯ ಬೀಡುಗಳಿದ್ದರೆ ಅವು ನೀರಿನಡಿಯಲ್ಲಿರಬೇಕು. ದಿಬ್ಬದ ವಯಸ್ಸು ದಿಬ್ಬದ್ದೇ ಹೊರತು ಜನಾಂಗದ್ದಲ್ಲ.

ನಮ್ಮ ಮುಖ್ಯ ತಕರಾರು ಬೇರೆಡೆಯಿದೆ. ಕೂಪರ್ ಅವರೂ ಸೇರಿ ಎಲ್ಲರೂ ಹಳೆಯ ಪದರಗಳನ್ನು ಅರ್ಥೈಸಲು ಇ. ಎಚ್. ಮ್ಯಾನ್, ರಾಡ್‌ಕ್ಲಿಫ್-ಬ್ರೌನ್ ಮೊದಲಾದವರ ಬರಹಗಳನ್ನು ಆಶ್ರಯಿಸುತ್ತಾರೆ. ರಾಡ್‌ಕ್ಲಿಫ್-ಬ್ರೌನ್ ಅಲ್ಲಿದ್ದುದು 1906-08ರಲ್ಲಿ. 1858ರ ಕೈದಿಗಳ ವಸಾಹತು ತಂದ ದಡಾರ, ಉಪದಂಶಗಳಿಂದ ಗ್ರೇಟ್ ಅಂಡಮಾನಿಗಳು ಅಷ್ಟರಲ್ಲಿ ಬಹುಪಾಲು ಅಳಿದಿದ್ದರು. ಒಡೆದ ಹಡಗುಗಳ ಕಬ್ಬಿಣವನ್ನು ಬಾಣದ ಮೊನೆಯಾಗಿಸಿ, ಬಾಟಲಿಯ ಗಾಜನ್ನು ಸೀಳಿ ಕ್ಷೌರಕ್ಕೆ ಬಳಸುತ್ತಿದ್ದ ಅವರ ಬದುಕು ಎರಡು ಸಾವಿರ ವರ್ಷಗಳ ಹಿಂದಿನ ಬದುಕಿನ ಪಡಿಯಚ್ಚು ಆಗಲಾರದು. ಹಾಗೆ ಭಾವಿಸಿದರೆ, ಮುಂಬಾಗಿಲಿನಿಂದ ಹೊರಹಾಕಿದ 'ಶಿಲಾಯುಗ' ಹಿತ್ತಿಲಿನಿಂದ ಒಳಬಂದಂತೆ.

ಕ್ಷೇತ್ರಕಾರ್ಯಕ್ಕೆ ಹೊರಡುವವರು ಇನ್ನೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ತೀರ ಮೇಲೆದ್ದಿತು, ದಕ್ಷಿಣದ ಭಾಗಗಳು ಕುಸಿದವು. ದಿಬ್ಬಕ್ಕೂ ಕಡಲಿಗೂ ಇಂದು ಕಾಣುವ ದೂರ ಅದನ್ನು ಕಟ್ಟಿದವರು ನಡೆದ ದೂರವಲ್ಲ.