ಕುರ್ಚಿಗೂ ಹೊಲಕ್ಕೂ ನಡುವಿನ ದೂರ

ಬೇರೆ ಬೇರೆ ಊರಲ್ಲಿರುವವರು ಒಂದೇ ತಂಡವಾಗಿ ದುಡಿಯುವುದೆಂದರೆ ನಮಗೆ ಥಟ್ಟನೆ ನೆನಪಾಗುವುದು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳು. ಆದರೆ ಅಂತಹದೇ ತಂಡವೊಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲೂ ಇದೆ. ಅದು ಕಂದಾಯ ಇಲಾಖೆಯದು. ಜಿಲ್ಲಾಧಿಕಾರಿ ಜಿಲ್ಲಾ ಕೇಂದ್ರದಲ್ಲಿ, ತಹಶೀಲ್ದಾರರು ತಾಲೂಕು ಕಚೇರಿಯಲ್ಲಿ, ಗ್ರಾಮ ಆಡಳಿತ ಅಧಿಕಾರಿ ಹೊಲದ ಬದುವಿನ ಮೇಲೆ. ಇವರನ್ನು ಜೋಡಿಸಿರುವುದು ಮೊಬೈಲ್ ಆ್ಯಪ್, ವಾಟ್ಸಾಪ್ ಗುಂಪು, ವೀಡಿಯೊ ಸಭೆ.

ತಂತ್ರಜ್ಞಾನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 2000ದಲ್ಲಿ ಬಂದ ‘ಭೂಮಿ’ ಯೋಜನೆ ಪಹಣಿಯನ್ನು ಕೈಬರಹದ ಪುಸ್ತಕದಿಂದ ಬಿಡಿಸಿ ಕಂಪ್ಯೂಟರಿಗೆ ತಂದಿತು. ಗ್ರಾಮ ಲೆಕ್ಕಿಗರ ಬಾಗಿಲು ಕಾಯುತ್ತಿದ್ದ ರೈತನಿಗೆ ಅದು ಸಣ್ಣ ಬಿಡುಗಡೆಯೇನಲ್ಲ.

ಆದರೆ ಅದೇ ಲೆಕ್ಕಿಗರು, ಅಂದರೆ ಇಂದಿನ ಗ್ರಾಮ ಆಡಳಿತ ಅಧಿಕಾರಿಗಳು, 2024ರ ಸೆಪ್ಟೆಂಬರ್ 26ರಿಂದ ರಾಜ್ಯದಾದ್ಯಂತ ಮುಷ್ಕರ ಹೂಡಿದರು. 17ಕ್ಕೂ ಹೆಚ್ಚು ಆ್ಯಪ್‌ಗಳ ಕೆಲಸ ಹೇರಲಾಗಿದೆ, ಅದಕ್ಕೆ ತಕ್ಕ ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್ ಕೊಟ್ಟಿಲ್ಲ ಎಂಬುದು ಅವರ ದೂರು. 2025ರ ಫೆಬ್ರವರಿಯಲ್ಲಿ ಮತ್ತೆ ಬೀದಿಗಿಳಿದರು. ಇದು ಬರೀ ನೌಕರರ ಬೇಡಿಕೆಯೇ? ಹಾಗೆಂದು ನಾವು ಭಾವಿಸುವುದಿಲ್ಲ.

ಸಹಕಾರವೆಂದರೆ ಮಾತು ಎರಡೂ ಕಡೆ ಹರಿಯಬೇಕು. ಇಲ್ಲಿ ಮೇಲಿನಿಂದ ಗುರಿ ಇಳಿಯುತ್ತದೆ, ಕೆಳಗಿನಿಂದ ಅಂಕಿ ಏರುತ್ತದೆ. ‘ಇದು ಇಲ್ಲಿ ಆಗದು, ಕಾರಣ ಹೀಗಿದೆ’ ಎಂದು ಹೇಳಲು ಆ್ಯಪ್‌ನಲ್ಲಿ ಜಾಗ ಎಲ್ಲಿದೆ? ಗಂಡ ತೀರಿಕೊಂಡ ಹೆಂಗಸೊಬ್ಬಳು ಪೌತಿ ಖಾತೆಗೆ ಬಂದು ನಿಂತಿದ್ದಾಳೆ ಎಂದುಕೊಳ್ಳಿ. ಅವಳ ಕುಟುಂಬದ ಕಥೆ ಕೇಳಬೇಕಾದ ಅಧಿಕಾರಿಯ ಕಣ್ಣು ಮೊಬೈಲ್ ಪರದೆಯ ಮೇಲಿದ್ದರೆ ನಷ್ಟ ಯಾರಿಗೆ? ಅಂದಿನ ಗುರಿ ಮುಟ್ಟಿತೆಂದು ಗುಂಪಿನಲ್ಲಿ ಹೆಬ್ಬೆರಳಿನ ಚಿತ್ರ ಬೀಳುತ್ತದೆ. ಆಕೆ ಮಾತ್ರ ಮತ್ತೊಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ.

ಪರಿಹಾರ ಕಷ್ಟವೇನಲ್ಲ. ಒಮ್ಮೆ ತುಂಬಿದ ಮಾಹಿತಿಯನ್ನು ಇನ್ನೊಂದು ಆ್ಯಪ್ ತಾನೇ ಪಡೆಯಲಿ. ಸಾಧನವನ್ನು ಸರಕಾರವೇ ಕೊಡಲಿ. ಆದೇಶಕ್ಕೂ ಕಚೇರಿ ವೇಳೆಯಿರಲಿ. ಹೊಸ ಆ್ಯಪ್ ರೂಪಿಸುವ ಮುನ್ನ ಅದನ್ನು ಬಳಸುವವರನ್ನು ಕೇಳಲಿ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಆಡಳಿತ ಹತ್ತಿರ ಬಂತೆಂದು ನಾವು ಸಂತೋಷಪಟ್ಟೆವು. ರಸ್ತೆಯ ದೂರವೇನೋ ಕಡಿಮೆಯಾಯಿತು. ಕುರ್ಚಿಗೂ ಹೊಲಕ್ಕೂ ನಡುವಿನ ದೂರವನ್ನು ಆ್ಯಪ್ ಅಳೆಯುವುದಿಲ್ಲ; ಅದನ್ನು ಮನುಷ್ಯರೇ ನಡೆದು ಮುಗಿಸಬೇಕು.