ಮಟಮಟ ಮಧ್ಯಾಹ್ನದ ಫೋಟೋ ಎಲ್ಲಿ?

ಫೋಟೋ ತೆಗೆಯುವುದನ್ನು ಕಲಿಸುವ ಯಾವ ಪುಸ್ತಕವನ್ನಾದರೂ ತೆರೆದು ನೋಡಿ, ಮೊದಲ ಕೆಲವು ಪುಟಗಳಲ್ಲೇ ಒಂದು ಉಪದೇಶ ಸಿಗುತ್ತದೆ. ಹೊತ್ತು ಹುಟ್ಟಿದ ಮೇಲೆ ಒಂದು ಗಂಟೆ, ಹೊತ್ತು ಮುಳುಗುವ ಮುಂಚೆ ಒಂದು ಗಂಟೆ, ಇದೇ ಬಂಗಾರದ ಗಳಿಗೆ. ಬೆಟ್ಟವೋ ಹೊಳೆಯೋ ಗುಡಿಯೋ ಗುಡಿಸಲೋ, ತೆಗೆಯುವುದಿದ್ದರೆ ಆಗಲೇ ತೆಗೆಯಬೇಕು. ಹತ್ತು ಗಂಟೆಯ ಮೇಲೆ ಬಿಸಿಲು ಒರಟು, ನೆರಳು ಕಪ್ಪು. ಕ್ಯಾಮೆರಾನ ಚೀಲಕ್ಕೆ ಹಾಕಿ ಒಂದು ನಿದ್ದೆ ಮಾಡಿ, ನಾಲ್ಕರ ಮೇಲೆ ಎದ್ದು ಬನ್ನಿ.

ಇದು ಬರೀ ತಾಂತ್ರಿಕ ಸಲಹೆ ಅನ್ನುತ್ತಾರೆ. ಅರ್ಧ ನಿಜ. ಸೂರ್ಯ ತಗ್ಗಿನಲ್ಲಿದ್ದಾಗ ಅವನ ಬೆಳಕು ಗಾಳಿಯ ಪದರವನ್ನು ಓರೆಯಾಗಿ, ಬಹಳ ದೂರ ಹಾದು ಬರಬೇಕು. ದಾರಿಯಲ್ಲಿ ನೀಲಿ ಚದುರಿ ಹೋಗುತ್ತದೆ, ಕೆಂಪು ಹಳದಿ ಉಳಿಯುತ್ತವೆ. ಓರೆ ಬೆಳಕಿಗೆ ನೆರಳು ಉದ್ದವಾಗುವುದರಿಂದ ಕಲ್ಲಿನ ಗೀರು, ಮಣ್ಣಿನ ಉಬ್ಬು, ಗೋಡೆಯ ಬಿರುಕು ಎದ್ದು ಕಾಣುತ್ತವೆ. ಮೇಷ್ಟರುಗಳು ಇದನ್ನು ವಿಜ್ಞಾನದ ಪಾಠದಲ್ಲಿ ಹುಡುಗರಿಗೆ ಹೇಳಿಕೊಡಬಹುದು. ಆದರೆ ಉಳಿದರ್ಧ? ಹತ್ತರಿಂದ ನಾಲ್ಕರವರೆಗೆ ಈ ದೇಶದಲ್ಲಿ ಏನು ನಡೆಯುತ್ತದೆ? ಕಳೆ ಕೀಳುವುದು, ಕಲ್ಲು ಒಡೆಯುವುದು, ಇಟ್ಟಿಗೆ ಹೊರುವುದು, ರಸ್ತೆಗೆ ಡಾಂಬರು ಸುರಿಯುವುದು, ಚರಂಡಿ ಬಳಿಯುವುದು. ದೇಶ ದುಡಿಯುವ ಹೊತ್ತೇ ಇವರ ಕ್ಯಾಮೆರಾ ಮಲಗುವ ಹೊತ್ತು! ಯಾರೂ ಕೂತು ಪಿತೂರಿ ಮಾಡಿದ್ದಲ್ಲ ಇದು. ಆದರೆ ಸೌಂದರ್ಯದ ಹೆಸರಲ್ಲಿ ಒಂದು ನಿಯಮ ಬಂದು ಕೂತಾಗ ಅದು ಯಾರನ್ನು ಚೌಕಟ್ಟಿನ ಆಚೆ ಇಡುತ್ತದೆ ಅಂತ ಕೇಳುವುದು ನಮ್ಮ ಹಕ್ಕು.

ಈ ಬಂಗಾರದ ಗಳಿಗೆಗೆ ನಮ್ಮ ಜನ ಬಹಳ ಹಿಂದೆಯೇ ಹೆಸರಿಟ್ಟಿದ್ದಾರೆ: ಗೋಧೂಳಿ. ದನ ಮನೆಗೆ ಬರುವಾಗ ಏಳುವ ದೂಳು. ಸಂಜೆಯ ಬೆಳಕಿಗೆ ಮೈ ಕೊಡುವುದು ಆ ದೂಳೇ. ದೂಳು ಎಬ್ಬಿಸುವುದು ದನ, ದನದ ಹಿಂದೆ ಬರುವುದು ದನಗಾಹಿ ಹುಡುಗ. ಶಾಲೆಯಲ್ಲಿರಬೇಕಾಗಿದ್ದ ಹುಡುಗ. ಫೋಟೋ ಸ್ಪರ್ಧೆಗಳಲ್ಲಿ ಬಹುಮಾನ ಹೊಡೆಯುವ ಚಿತ್ರಗಳ ರಾಶಿಯಲ್ಲಿ ಇದು ಯಾವತ್ತೂ ಇರುತ್ತದೆ: ಕುರಿಮಂದೆ, ಮರಗಳ ಸಂದಿನಿಂದ ಇಳಿಯುವ ಬೆಳಕಿನ ಕೋಲುಗಳು, ಕಂಬಳಿ ಹೊದ್ದ ಕುರುಬ. ಒಂದೇ ಸಂಜೆ ಮೂರು ಸಲ ಅದೇ ದಾರಿಯಲ್ಲಿ ಮಂದೆ ತಿರುಗಿಸಿದ ಕುರುಬನನ್ನು ನಾವು ಕಣ್ಣಾರೆ ನೋಡಿದ್ದೇವೆ. ‘ಇನ್ನೊಂದ್ಸಲ ಬಾ, ದೂಳು ಸರಿಯಾಗಿ ಏಳಲಿಲ್ಲ’ ಅಂತ ಕ್ಯಾಮೆರಾದವರು ಹೇಳುತ್ತಿದ್ದರು. ಕೊನೆಗೆ ಅವನ ಕೈಗೆ ಇಪ್ಪತ್ತು ರೂಪಾಯಿ. ಮೇವಿಗೆ ಹೋಗಿ ಬಂದು ಸುಸ್ತಾಗಿದ್ದ ಕುರಿಗಳಿಗೆ ಅದೂ ಇಲ್ಲ.

ಇನ್ನು ಎದುರು ಬೆಳಕಿನ ಚಿತ್ರಗಳು. ಸೂರ್ಯನನ್ನು ಹಿಂದಿಟ್ಟು ತೆಗೆದರೆ ಮುಂದಿರುವ ಮನುಷ್ಯ ಬರೀ ಕಪ್ಪು ಆಕಾರವಾಗುತ್ತಾನೆ. ನೇಗಿಲು ಹೊತ್ತ ಗಂಡಸು, ಬಲೆ ಬೀಸುವ ಬೆಸ್ತ, ಏರಿಯ ಮೇಲೆ ಸಾಲಾಗಿ ಹೋಗುವ ಕೊಡ ಹೊತ್ತ ಹೆಂಗಸರು. ಗೊಬ್ಬರದ ಕಂಪನಿಯ ಕ್ಯಾಲೆಂಡರಿನಲ್ಲಿ, ಬ್ಯಾಂಕಿನ ಗೋಡೆಯ ಮೇಲೆ ಇವರು ಹೇರಳವಾಗಿದ್ದಾರೆ. ಒಬ್ಬರಿಗೂ ಮುಖ ಇಲ್ಲ. ಮುಖ ಇದ್ದರೆ ಅದು ನೋಡುವವನನ್ನು ತಿರುಗಿ ನೋಡೀತು, ಅದು ತೊಂದರೆ. ಕೊಡ ಹೊತ್ತ ಹೆಂಗಸು ಯಾವ ಬಾವಿಯಿಂದ ಬರುತ್ತಿದ್ದಾಳೆ, ಆ ಬಾವಿಯ ಹಗ್ಗ ಅವಳು ಮುಟ್ಟಬಹುದೋ, ಇಲ್ಲ ಯಾರಾದರೂ ಮೇಲಿಂದ ಸುರಿಯಲಿ ಅಂತ ಕಾಯಬೇಕೋ? 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟುವುದಕ್ಕೆ ಬಾಬಾಸಾಹೇಬರು ಸಾವಿರಾರು ಜನರನ್ನು ಕಟ್ಟಿಕೊಂಡು ಹೋಗಬೇಕಾಗಿ ಬಂದ ದೇಶ ಇದು. ಇಂಥ ದೇಶದಲ್ಲಿ ನೀರು ಹೊತ್ತವಳ ಮುಖವನ್ನು ಕಪ್ಪಿನಲ್ಲಿ ಮುಳುಗಿಸಿ ಕೆಂಪು ಆಕಾಶಕ್ಕೆ ಬಹುಮಾನ ಕೊಡುವುದು ಯಾವ ಸೀಮೆಯ ಸೌಂದರ್ಯಪ್ರಜ್ಞೆ?

ಇದರ ಬೇರು ಫೋಟೋಗ್ರಫಿಯ ಹುಟ್ಟಿನಲ್ಲೇ ಇದೆ. 1838ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬವನು ತನ್ನ ಕಿಟಕಿಯಿಂದ ಬೊಲೆವಾರ್ಡ್ ದು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಬೆಳ್ಳಿ ಬಳಿದ ತಾಮ್ರದ ತಗಡಿನ ಮೇಲೆ. ಗಾಡಿ, ಕುದುರೆ, ಜನ ಗಿಜಿಗುಡುವ ಬೀದಿ. ಚಿತ್ರದಲ್ಲಿ ಮಾತ್ರ ಬೀದಿ ಖಾಲಿ! ತಗಡಿಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಓಡಾಡುವವರು ಯಾರೂ ಅದರ ಮೇಲೆ ನಿಲ್ಲಲಿಲ್ಲ. ನಿಂತವನು ಒಬ್ಬ, ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತ ಕಾಲನ್ನು ಪೆಟ್ಟಿಗೆಯ ಮೇಲಿಟ್ಟವನು. ಮರುವರ್ಷ ಈ ತಗಡನ್ನು ನೋಡಿದ ಅಮೆರಿಕದ ಮೋರ್ಸ್, ತಂತಿ ಯಂತ್ರದ ಮೋರ್ಸ್, ಊರಿಗೆ ಕಾಗದ ಬರೆದಾಗ ಬೀದಿಯಲ್ಲಿ ಕಂಡ ಒಬ್ಬ ಮನುಷ್ಯನ ಬಗ್ಗೆ ಹೇಳಿದ, ಬೂಟು ಒರೆಸಿಸಿಕೊಳ್ಳುತ್ತಿದ್ದವನ ಬಗ್ಗೆ. ಇವತ್ತಿಗೂ ‘ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯ’ ಅಂತ ಬಹಳ ಜನ ಅವನನ್ನೇ ಬೊಟ್ಟು ಮಾಡುತ್ತಾರೆ. ಸ್ವಾಮಿ, ಅವನ ಕಾಲ ಬುಡದಲ್ಲಿ ಇನ್ನೊಬ್ಬ ಇದ್ದಾನಲ್ಲ! ಪಾಲಿಶ್ ಮಾಡುವವನು. ಅವನ ಕೈ ಆಡುತ್ತಿತ್ತು, ಮೈ ಬಗ್ಗಿ ಏಳುತ್ತಿತ್ತು, ಹಾಗಾಗಿ ಅವನು ಕಲಸಿಹೋಗಿದ್ದಾನೆ. ಸೇವೆ ಮಾಡಿಸಿಕೊಂಡವನು ಅಲ್ಲಾಡದೆ ನಿಂತ, ಚಿತ್ರವಾದ, ದುಡಿದವನು ಮಬ್ಬಾದ. ಚಪ್ಪಲಿ ಹೊಲಿಯುವ, ಬೂಟು ತಿಕ್ಕುವ ಕೈಗಳು ಹುಟ್ಟಿಸಿದ ಮಕ್ಕಳು ನಾವು, ನಮ್ಮ ಕಣ್ಣು ಮೊದಲು ಹೋಗುವುದು ಆ ಮಬ್ಬಿನ ಕಡೆಗೇ.

ಪ್ಯಾರಿಸ್ ದೂರ ಆಯಿತು ಅನ್ನುವವರು ಹಿಮಾಲಯಕ್ಕೆ ಬನ್ನಿ. 1863ರಿಂದ 1870ರವರೆಗೆ ನಮ್ಮ ದೇಶದಲ್ಲಿದ್ದ ಸ್ಯಾಮ್ಯುಯೆಲ್ ಬೋರ್ನ್ ಎಂಬ ಇಂಗ್ಲಿಷರವನನ್ನು ನಿಸರ್ಗ ಛಾಯಾಗ್ರಹಣದ ದೊಡ್ಡ ಗುರು ಅನ್ನುತ್ತಾರೆ. ಸುಳ್ಳಲ್ಲ. ಹಿಮದ ಮೇಲೆ ಬೆಳಕು ಹೇಗೆ ಕೂರುತ್ತದೆ ಅಂತ ಅವನಿಗೆ ಗೊತ್ತಿತ್ತು. 1866ರಲ್ಲಿ ಮಣಿರಂಗ್ ಕಣಿವೆದಾರಿಯ 18,600 ಅಡಿ ಎತ್ತರದಲ್ಲಿ ಅವನು ಚಿತ್ರ ತೆಗೆದ. ಆ ಕಾಲದ ವಿಧಾನ ಹೇಗಿತ್ತೆಂದರೆ, ಗಾಜಿನ ಹಲಗೆಗೆ ಅಂಟುದ್ರವ ಬಳಿದು, ಬೆಳ್ಳಿಯ ಉಪ್ಪಿನ ನೀರಿನಲ್ಲಿ ಅದ್ದಿ, ಹಸಿ ಆರುವುದರೊಳಗೆ ಚಿತ್ರ ತೆಗೆದು, ಅಲ್ಲೇ ಕತ್ತಲ ಡೇರೆಯೊಳಗೆ ತೊಳೆಯಬೇಕು. ಅಂದರೆ ಡೇರೆ, ಗಾಜಿನ ಪೆಟ್ಟಿಗೆಗಳು, ಔಷಧದ ಸೀಸೆಗಳು, ದೊಡ್ಡ ಕ್ಯಾಮೆರಾ, ದೊರೆಯ ಊಟದ ಸಾಮಾನು, ಎಲ್ಲವೂ ಬೆಟ್ಟ ಹತ್ತಬೇಕು. ಹತ್ತಿದ್ದು ಕೂಲಿಗಳ ಬೆನ್ನಿನ ಮೇಲೆ. ಮೊದಲ ಪಯಣದಲ್ಲೇ ಸುಮಾರು 30 ಜನ. ಚಳಿಗೆ ಹೆದರಿ, ಹಳ್ಳಿಯ ಕೆಲಸ ಬಿಟ್ಟು ಬರಲಾರದೆ ಅವರು ಹೊರೆ ಇಳಿಸಿ ಓಡಿಹೋಗುತ್ತಿದ್ದರು. ಓಡಿಹೋದವರನ್ನು ದೊಣ್ಣೆ ಹಿಡಿದು ಹುಡುಕಿಕೊಂಡು ಹೋದದ್ದನ್ನು ಬೋರ್ನ್ ತಾನೇ ಲಂಡನ್ನಿನ ಪತ್ರಿಕೆಗೆ ಬರೆದಿದ್ದಾನೆ, ನಾಚಿಕೆಯಿಂದಲ್ಲ. ಆ ಚಿತ್ರಗಳಲ್ಲಿ ಹಿಮ ಇದೆ, ದೇವದಾರು ಇದೆ. ದೊಣ್ಣೆ ಇಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಬಂಡೆ ಎಷ್ಟು ದೊಡ್ಡದು ಎಂದು ತೋರಿಸಲು ಒಬ್ಬ ಕೂಲಿಯನ್ನು ಅಳತೆಕೋಲಿನ ಹಾಗೆ ನಿಲ್ಲಿಸಿರುತ್ತಾರೆ, ಅಷ್ಟೇ.

ಚಿತ್ರ ಮೂಡಿಸುವ ಔಷಧವೂ ನಿಷ್ಪಕ್ಷಪಾತಿಯಲ್ಲ. ಕೊಡಾಕ್ ಕಂಪನಿ ಬಣ್ಣದ ಪ್ರಿಂಟು ಸರಿ ಇದೆಯೇ ಅಂತ ನೋಡಲು ಸ್ಟುಡಿಯೋಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಹೆಂಗಸು. ‘ಶರ್ಲಿ ಕಾರ್ಡ್’ ಅಂತಲೇ ಅದರ ಹೆಸರು. ಅವಳ ಮೈಬಣ್ಣ ಸರಿ ಬಂದರೆ ಎಲ್ಲ ಸರಿ. ಕಪ್ಪು ಮೈಯವರು ಆ ಫಿಲ್ಮಿನಲ್ಲಿ ಹಲ್ಲು ಕಣ್ಣು ಮಾತ್ರ ಆಗುತ್ತಿದ್ದರು. ಮುಂದೆ ಕಂಪನಿ ಕಂದು ಛಾಯೆಗಳನ್ನು ತಿದ್ದಲು ಹೊರಟಿತು. ಕರಿಯರ ತಾಯಂದಿರು ದೂರು ಕೊಟ್ಟರೆಂದಲ್ಲ; ಮರದ ಪೀಠೋಪಕರಣದವರು, ಚಾಕೊಲೇಟಿನವರು ತಮ್ಮ ಸರಕು ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿಲ್ಲ ಎಂದು ಗಲಾಟೆ ಮಾಡಿದ್ದೇ ದೊಡ್ಡ ಕಾರಣ. ನಮ್ಮೂರುಗಳ ಸ್ಟುಡಿಯೋದಲ್ಲಿ ಹಾಲ್ ಟಿಕೆಟ್ಟಿಗೆ ಫೋಟೋ ತೆಗೆಸಿದ ನಮ್ಮ ಹುಡುಗರಿಗೆ ಮೊದಲು ಪೌಡರ್ ಡಬ್ಬಿ ಯಾಕೆ ಕೈಗೆ ಬರುತ್ತಿತ್ತು ಅಂತ ಈಗ ತಿಳಿಯಿತಲ್ಲ.

ಹಂಪಿಯ ವಿಚಾರ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಕರ್ನಾಟಕದಲ್ಲಿ ಬೆಳಕಿನ ಚಿತ್ರ ಎಂದರೆ ಹಂಪಿ ಎನ್ನುವಂತಾಗಿದೆ. ಬೆಳಗಿನ ಜಾವ ನಾಲ್ಕೂವರೆಗೆ ಟಾರ್ಚು ಹಿಡಿದು ಮಾತಂಗ ಬೆಟ್ಟ ಹತ್ತುತ್ತಾರೆ, ಸಂಜೆ ಹೇಮಕೂಟದ ಮೇಲೆ ಕಾಲುಗಂಬಗಳ ಸಾಲು. (ಮಾತಂಗಿಯನ್ನು ಪೂಜಿಸುವ ಮಾದಿಗರು ಆ ಬೆಟ್ಟದ ಹೆಸರನ್ನು ತಮ್ಮದೆಂದೇ ತಿಳಿಯುತ್ತಾರೆ. ಹತ್ತುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!) 2017ರಿಂದ ಕಲ್ಲಿನ ರಥ ಐವತ್ತು ರೂಪಾಯಿ ನೋಟಿನ ಮೇಲೂ ಬಂತು. ಈ ಪರಂಪರೆಯ ಮೂಲದಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಇದ್ದಾನೆ. 1856ರಲ್ಲಿ ಅವನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ತೆಗೆದ. ಬಹುಕಾಲ ಮೂಲೆ ಸೇರಿದ್ದ ಅವು ಮತ್ತೆ ಬೆಳಕಿಗೆ ಬಂದ ಮೇಲೆ, 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅದೇ ನೋಟಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ದೊಡ್ಡ ಪಾಠ, ಯಾವ ಕಂಬ ಬಿತ್ತು, ಯಾವ ಗೋಪುರ ಕರಗಿತು ಎಂದು ತಿಳಿಯುತ್ತದೆ. ಗ್ರೀನ್‌ಲಾನ ಕೆಲಸವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಕಾಗದಕ್ಕೂ ನಿಮಿಷಗಟ್ಟಲೆ ಬೆಳಕು ಬೇಕು. ನಡೆದಾಡುವವರು ಅದರಲ್ಲಿ ಉಳಿಯರು. ಹಾಗೆ ಕಲ್ಲು ಮಾತ್ರ ಇರುವ, ಜನ ಇಲ್ಲದ ಹಂಪಿಯೊಂದು ಕಣ್ಣಿಗೆ ರೂಢಿಯಾಯಿತು. ‘ಹಾಳು ಹಂಪಿ’ ಎನ್ನುವುದು ಮಾತಾಯಿತು.

ಹಾಳಾಗಿರಲಿಲ್ಲ. ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು, ಇಡ್ಲಿ ಬೇಯಿಸುತ್ತಿದ್ದರು, ಬಾಳೆಹಣ್ಣು ಮಾರುತ್ತಿದ್ದರು. ಕಲ್ಲಿನ ಕಂಬಕ್ಕೆ ಹಗ್ಗ ಕಟ್ಟಿ ಸೀರೆ ಒಣಹಾಕುತ್ತಿದ್ದರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು, 2006ರಲ್ಲಿ ಅದರಿಂದ ಹೊರಬಂತು. 2011ರ ಜುಲೈಯಲ್ಲಿ ಬಜಾರಿಗೆ ಜೆಸಿಬಿ ಬಂತು. ನೂರಾರು ಕುಟುಂಬಗಳ ಮನೆ, ಅಂಗಡಿ ನೆಲಸಮ. ಸ್ಮಾರಕ ಉಳಿಯಬೇಕು ಎನ್ನುವುದರಲ್ಲಿ ನಮಗೆ ತಕರಾರಿಲ್ಲ. ಕಂಬಕ್ಕೆ ಸಿಮೆಂಟು ಮೆತ್ತಿ ಲಾಡ್ಜು ಕಟ್ಟಿದವರನ್ನು ನಾವು ಸಮರ್ಥಿಸುವುದಿಲ್ಲ. ಆದರೆ ದುಡಿದು ತಿನ್ನುವವನನ್ನೂ ದುಡ್ಡು ಮಾಡಿದವನನ್ನೂ ಒಂದೇ ಬಕೆಟ್ಟಿನಲ್ಲಿ ಎತ್ತಿ ಎಸೆಯುವುದು ಯಾವ ನ್ಯಾಯ? 1856ರ ಕಾಗದ ತಾನಾಗಿ ಮಾಡಿದ ಕೆಲಸವನ್ನು 2011ರಲ್ಲಿ ಯಂತ್ರ ಮಾಡಿ ಮುಗಿಸಿತು. ಈಗ ಎಳೆಬಿಸಿಲಲ್ಲಿ ಬಜಾರಿನ ಚಿತ್ರ ಬಹಳ ಶುಭ್ರವಾಗಿ ಬರುತ್ತದೆ. ಸೀರೆಯ ಹಗ್ಗ ಅಡ್ಡ ಬರುವುದಿಲ್ಲ.

‘ಹಂಗಾದ್ರೆ ನೀವು ಚೆಲುವಿಗೇ ವಿರೋಧ ಏನ್ರಪ್ಪ’ ಎಂದು ನಮ್ಮನ್ನು ಕೇಳುವವರಿದ್ದಾರೆ. ನವೋದಯದ ಸೂರ್ಯೋದಯಗಳ ಬಗ್ಗೆ ಮಾತೆತ್ತಿದಾಗಲೂ ಇದೇ ಕೇಳಿದ್ದರು. ಇಲ್ಲ ಮಾರಾಯರೇ. ಬೆಳಕು ಯಾರಪ್ಪನ ಆಸ್ತಿಯೂ ಅಲ್ಲ, ಅದಕ್ಕೇ ಈ ಜಗಳ. 1943ರ ಬಂಗಾಳದ ಬರಗಾಲದಲ್ಲಿ ಕಮ್ಯುನಿಸ್ಟ್ ಪಕ್ಷದ ಪಿ.ಸಿ. ಜೋಶಿ, ಚಿತ್ರಕಾರ ಚಿತ್ತಪ್ರಸಾದರ ಜೊತೆ ಊರೂರು ಸುತ್ತಿದ ಸುನಿಲ್ ಜಾನಾ ಹಸಿದವರ ಮುಖಗಳನ್ನು ಹಗಲ ಬೆಳಕಿನಲ್ಲಿ ತೆಗೆದು ಪಕ್ಷದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅದೇ ಜಾನಾ ಗುಡಿಗಳ ಕಲ್ಲನ್ನೂ ಓರೆ ಬಿಸಿಲಲ್ಲಿ ಅದ್ಭುತವಾಗಿ ತೆಗೆದಿದ್ದಾರೆ. ಅವರ ಆದಿವಾಸಿ ಹೆಣ್ಣುಮಕ್ಕಳ ಚಿತ್ರಗಳ ಬಗ್ಗೆ ನಮ್ಮ ತಕರಾರು ಇದೆ. ಅಲ್ಲಿ ಮೈ ಮೇಲಿನ ಬೆಳಕೇ ಹೆಚ್ಚು ಮಾತಾಡುತ್ತದೆ, ಹೆಂಗಸು ಮಾತಾಡುವುದಿಲ್ಲ. ಆದರೂ ಬರಗಾಲದ ಚಿತ್ರಗಳ ಮುಂದೆ ನಮ್ಮ ಬಾಯಿ ಕಟ್ಟುತ್ತದೆ.

ಮುಂಬಯಿಯ ಸುಧಾರಕ್ ಓಲ್ವೆ ಪಾಲಿಕೆಯ ಸಫಾಯಿ ಕಾರ್ಮಿಕರನ್ನು ವರ್ಷಗಟ್ಟಲೆ ತೆಗೆದರು. ಚರಂಡಿಯೊಳಗೆ ಬೆಳಕು ಎಲ್ಲಿಂದ ಬರಬೇಕು? ಮ್ಯಾನ್‌ಹೋಲಿನ ಬಾಯಿಂದ ಬಿದ್ದಷ್ಟೇ. ತಮಿಳುನಾಡಿನ ಎಂ. ಪಳನಿಕುಮಾರ್ 2017ರ ‘ಕಕ್ಕೂಸ್’ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದರು. 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ಬಂದ ಮೇಲೂ ಮಲ ಬಾಚುವ ಕೈಗಳು ಇದ್ದವು ಎಂದು ತೋರಿಸಿದ ಚಿತ್ರ ಅದು. ಮದುರೆ ಪಕ್ಕದ ವಾಡಿಪಟ್ಟಿಯ ಜೈಸಿಂಗ್ ನಾಗೇಶ್ವರನ್ ಬೇರೆ ಹಾದಿ ಹಿಡಿದರು. ಈ ದಲಿತ ಛಾಯಾಗ್ರಾಹಕ ಊರಿಗೆ ವಾಪಸು ಬಂದು ತನ್ನ ಮನೆಯನ್ನೇ, ತನ್ನವರನ್ನೇ ತೆಗೆಯತೊಡಗಿದರು. ಅವರ ಅಜ್ಜಿ ಪೊನ್ನುತಾಯಿ ಊರಲ್ಲಿ ಶಾಲೆ ತೆರೆದಾಕೆ. ನಮಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮ ಜನ ಅಂದರೆ ಬರೀ ಗಾಯ, ಬರೀ ಹೆಣ, ಬರೀ ಚರಂಡಿ ಅಂತ ತೆಗೆಯುವುದೂ ಇನ್ನೊಂದು ಕ್ಯಾಲೆಂಡರು ಆಗಬಹುದು. ಕೇರಿಯ ಬಾಗಿಲಿಂದಲೂ ಎಳೆಬಿಸಿಲು ಒಳಗೆ ಬರುತ್ತದೆ, ಅವ್ವನ ತಲೆ ಬಾಚುವ ಮಗಳ ಕೈ ಮೇಲೆ ಬೀಳುತ್ತದೆ. ಅದನ್ನು ತೆಗೆಯಬಾರದು ಅಂತ ಯಾವ ಬಂಡಾಯವೂ ಹೇಳಿಲ್ಲ.

ಹಾಸ್ಟೆಲಿನ ಹುಡುಗ ಹುಡುಗಿಯರೇ, ಹಳ್ಳಿಯ ಮೇಷ್ಟರೇ, ಈಗ ನಿಮ್ಮ ಎಲ್ಲರ ಕೈಯಲ್ಲೂ ಫೋನಿದೆ, ಅದರೊಳಗೆ ಕ್ಯಾಮೆರಾ ಇದೆ. ಮುಂದಿನ ಸಂಚಿಕೆಗಳಿಗೆ ನಿಮ್ಮೂರಿನ ಮಧ್ಯಾಹ್ನದ ಚಿತ್ರಗಳು ಬೇಕು. ಹನ್ನೆರಡರಿಂದ ಎರಡರ ಒಳಗೆ ತೆಗೆದದ್ದು. ಕಣ್ಣಗುಳಿ ಕಪ್ಪಾದರೆ ಆಗಲಿ. ಮುಖ ಕಾಣದಿದ್ದರೆ ಎರಡು ಹೆಜ್ಜೆ ಹತ್ತಿರ ಹೋಗಿ, ಇಲ್ಲ ಮರದ ನೆರಳಿಗೆ ಕರೆಯಿರಿ, ಬಿಳಿ ಪಂಚೆಯೊಂದನ್ನು ಎದುರು ಹಿಡಿದರೆ ಮುಖಕ್ಕೆ ಬೆಳಕು ಏಳುತ್ತದೆ. ಕೇಳಿ ತೆಗೆಯಿರಿ, ತೆಗೆದದ್ದನ್ನು ಅವರಿಗೆ ತೋರಿಸಿ. ‘ದುಡಿಮೆ’, ‘ಸಂಜೆಯ ಪಯಣ’ ಎಂಬಂಥ ಶೀರ್ಷಿಕೆಗಳು ಬೇಡ. ಅವರು ಒಪ್ಪಿದರೆ ಹೆಸರು, ಮಾಡುತ್ತಿದ್ದ ಕೆಲಸ, ಆ ದಿನದ ಕೂಲಿ ಎಷ್ಟು, ಇಷ್ಟನ್ನು ಚಿತ್ರದ ಜೊತೆ ಬರೆದು ಕಳಿಸಿ.