ಮರೆತ ಕತೆಯ ಭಾರ

ನಾಗರಹೊಳೆ ಕಾಡಿನಂಚಿನ ವೀರನಹೊಸಹಳ್ಳಿಯಲ್ಲಿ ಕೂತು ಪ್ರಿಮೋ ಲೆವಿಯ ‘ಇಫ್ ದಿಸ್ ಈಸ್ ಎ ಮ್ಯಾನ್’ ಪುಸ್ತಕವನ್ನು ಎರಡನೇ ಸಲ ಓದಿದೆ. ಮೊದಲ ಸಲ ಅದರಲ್ಲಿ ಅಳು ಹುಡುಕಿದ್ದೆ. ಸಿಗದಾಗ, ಈತ ತೀರಾ ತಣ್ಣಗೆ ಬರೆಯುತ್ತಾನೆ ಅಂದುಕೊಂಡಿದ್ದೆ. ಆ ಓದು ತಪ್ಪಾಗಿತ್ತು.

ಇಟಲಿಯ ಯಹೂದಿ ರಸಾಯನಶಾಸ್ತ್ರಜ್ಞ ಲೆವಿಯನ್ನು 1944ರ ಫೆಬ್ರವರಿಯಲ್ಲಿ ಆಶ್ವಿಟ್ಜ್‌ಗೆ ಸಾಗಿಸಿದರು. ಮೊನೊವಿಟ್ಜ್ ಶಿಬಿರದ ಕೈದಿಗಳು ಅಲ್ಲಿ ಕೃತಕ ರಬ್ಬರಿನ ಕಾರ್ಖಾನೆ ಕಟ್ಟಬೇಕಿತ್ತು. ಅಷ್ಟು ಜನ ಸತ್ತರೂ ಅಲ್ಲಿಂದ ಆ ರಬ್ಬರು ಹೊರಬರಲೇ ಇಲ್ಲ.

1947ರಲ್ಲಿ ಬಂದ ಈ ಪುಸ್ತಕದಲ್ಲಿ ‘ಕೆಲಸ’ ಎಂಬ ಅಧ್ಯಾಯವಿದೆ. ಲೆವಿ ಮತ್ತು ರೆಸ್ನಿಕ್ ಕೆಸರಿನಲ್ಲಿ ರೈಲುಹಳಿಯ ಮರದ ದಿಮ್ಮಿ ಹೊರುತ್ತಾರೆ. ಹೆಜ್ಜೆಯಿಡಲು ಬಲ ಬರಲೆಂದು ಲೆವಿ ತುಟಿ ಕಚ್ಚಿಕೊಳ್ಳುತ್ತಾನೆ. ಒಂದು ನೋವು ಹೊರಲು ಇನ್ನೊಂದು ನೋವು. ರೆಸ್ನಿಕ್ ತನ್ನ ಕತೆ ಹೇಳಿಕೊಂಡಿದ್ದ. ಅದನ್ನು ಮರೆತೆ ಎಂದೇ ಲೆವಿ ಬರೆಯುತ್ತಾನೆ. ಎಲ್ಲರ ಎದೆಯಲ್ಲೂ ಅಂಥದೇ ಕತೆಯಿರುವಾಗ ಯಾರದನ್ನು ಯಾರು ನೆನಪಿಡಬೇಕು? ಅವನ ಕನಸಿನಲ್ಲೂ ಅಷ್ಟೆ: ಮನೆ ಸೇರಿ ಕತೆ ಹೇಳತೊಡಗಿದರೆ ತಂಗಿ ಎದ್ದು ಹೋಗುತ್ತಾಳೆ.

ಇಲ್ಲಿಗೆ ಹತ್ತಿರದ ನಾಗಾಪುರದಲ್ಲಿ, ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳಿವೆ. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಹಿರಿಯರೊಬ್ಬರನ್ನು ಕಾಡಿನ ಬಗ್ಗೆ ಕೇಳಿದ್ದೆ. ಅವರು ಕೂಲಿಯ ಲೆಕ್ಕ ಹೇಳಿ ಸುಮ್ಮನಾದರು. ಆಶ್ವಿಟ್ಜ್‌ಗೂ ಹಾಡಿಗೂ ಹೋಲಿಕೆ ಸಲ್ಲದು. ಆದರೆ ದಿಮ್ಮಿಯ ತೂಕದಲ್ಲಿ, ಕೂಲಿಯ ಲೆಕ್ಕದಲ್ಲಿ ದುಃಖ ಅಡಗಿ ಕೂರಬಲ್ಲದು ಎಂಬುದನ್ನು ನನಗೆ ಕಲಿಸಿದ್ದು ಲೆವಿ. ತಣ್ಣಗಿದ್ದದ್ದು ಅವನ ಬರಹವಲ್ಲ, ನನ್ನ ಕಿವಿ.